ಕೈ ಕುಲುಕುವ ಹೊತ್ತಿಗೆ ರೆಫರಿ ಇರುವುದಿಲ್ಲ

2022ರ ಫೆಬ್ರವರಿ 20, ಭಾನುವಾರ. ಅಮೆರಿಕದ ಮ್ಯಾಡಿಸನ್ ಊರಿನ ಕೋಲ್ ಸೆಂಟರ್‌ನಲ್ಲಿ ವಿಸ್ಕಾನ್ಸಿನ್ ಮತ್ತು ಮಿಶಿಗನ್ ವಿಶ್ವವಿದ್ಯಾಲಯಗಳ ಬ್ಯಾಸ್ಕೆಟ್‌ಬಾಲ್ ಪಂದ್ಯ ಆಗ ತಾನೇ ಮುಗಿದಿತ್ತು. ವಿಸ್ಕಾನ್ಸಿನ್ 77–63ರಿಂದ ಗೆದ್ದಿತ್ತು. ಎರಡೂ ತಂಡದವರು ಎದುರು ಬದುರು ಸಾಲಾಗಿ ಬಂದು ಕೈ ಕುಲುಕುತ್ತಾ ಸಾಗುತ್ತಿದ್ದರು.

ಮಿಶಿಗನ್ ಕೋಚ್ ಜುವಾನ್ ಹೋವರ್ಡ್‌ಗೆ ಆ ದಿನ ಕೈ ಕುಲುಕುವ ಮನಸ್ಸಿರಲಿಲ್ಲ. ಎದುರಿಗೆ ಬಂದ ವಿಸ್ಕಾನ್ಸಿನ್ ಕೋಚ್ ಗ್ರೆಗ್ ಗಾರ್ಡ್‌ಗೆ 'ಇದನ್ನ ನೆನಪಿಟ್ಟುಕೊಳ್ತೀನಿ' ಎಂದು ಹೇಳಿ ಮುಂದೆ ಹೋಗಲು ನೋಡಿದರು. ಗಾರ್ಡ್, ಹೋವರ್ಡ್ ಅವರ ತೋಳಿನ ಮೇಲೆ ಕೈಯಿಟ್ಟು ತಡೆದರು, ಏನೋ ಹೇಳಲು ಹೊರಟರು. ಅಲ್ಲಿಂದ ಮುಂದಿನದೆಲ್ಲ ಕೆಲವೇ ಸೆಕೆಂಡು. ಹೋವರ್ಡ್ 6 ಅಡಿ 9 ಅಂಗುಲದ ಆಳು. ಗಾರ್ಡ್ ಅವರ ಎದೆ ಹತ್ತಿರ ಬಟ್ಟೆ ಹಿಡಿದರು, ಮುಖದ ಮುಂದೆ ಬೆರಳು ತೋರಿಸಿದರು. ಸುತ್ತ ಜನ ಸೇರಿದರು. ಆ ಗುಂಪಿನ ಮೇಲಿಂದ ಹೋವರ್ಡ್ ಕೈ ಚಾಚಿ, ವಿಸ್ಕಾನ್ಸಿನ್‌ನ ಸಹಾಯಕ ಕೋಚ್ ಜೋ ಕ್ರಾಬೆನ್‌ಹಾಫ್ಟ್ ಅವರ ತಲೆಗೆ ಹೊಡೆದರು. ಬೆರಳು ಬಿಡಿಸಿದ ಅಂಗೈಯ ಏಟು. ತಕ್ಷಣ ಎರಡೂ ಕಡೆಯ ಹುಡುಗರು ನುಗ್ಗಿದರು, ಕೆಲವರು ಕೈ ಬೀಸಿದರು.

ಆ ವಿಡಿಯೊವನ್ನು ನಾನು ಎಷ್ಟೋ ಸಲ ನಿಲ್ಲಿಸಿ ನಿಲ್ಲಿಸಿ ನೋಡಿದ್ದೇನೆ. ಏಟಿಗಿಂತ ನನಗೆ ಜಾಸ್ತಿ ಕಾಡುವುದು ಆ ಹುಡುಗರು. ಹತ್ತೊಂಬತ್ತು, ಇಪ್ಪತ್ತರ ವಯಸ್ಸು. ಒಂದು ನಿಮಿಷದ ಹಿಂದೆ ಎದುರು ತಂಡದವರ ಕೈ ಮುಟ್ಟಿ ನಗುತ್ತಾ ಹೋಗುತ್ತಿದ್ದವರು. ಜಗಳ ಯಾಕೆ ಶುರುವಾಯಿತು ಅನ್ನುವುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರಲಾರದು. ತಮ್ಮ ಕೋಚ್ ಜಗಳದ ನಡುವೆ ಇದ್ದಾರೆ ಅನ್ನುವುದಷ್ಟೇ ಕಂಡಿತು, ನುಗ್ಗಿದರು.

ಜಗಳದ ಬೇರು ಒಂದು ಟೈಮ್‌ಔಟ್, ಅಂದರೆ ಆಟದ ನಡುವೆ ತಂಡ ಕೇಳಿ ಪಡೆಯುವ ಸಣ್ಣ ವಿರಾಮ. ಪಂದ್ಯದಲ್ಲಿ ಇನ್ನು 15 ಸೆಕೆಂಡು ಬಾಕಿ ಇದ್ದಾಗ, ಗೆಲುವು ಖಚಿತವಾಗಿದ್ದರೂ ಗಾರ್ಡ್ ಟೈಮ್‌ಔಟ್ ತೆಗೆದುಕೊಂಡರು. ನಿಯಮದಲ್ಲಿ ಅದಕ್ಕೆ ಯಾವ ಅಡ್ಡಿಯೂ ಇಲ್ಲ. ಆದರೆ ಪುಸ್ತಕದಲ್ಲಿ ಬರೆಯದ ಪದ್ಧತಿ ಒಂದಿದೆ: ಗೆದ್ದಾಗಿದೆ ಅಂದ ಮೇಲೆ ಆಟವನ್ನು ಎಳೆಯಬೇಡ, ಸೋತವರು ಸುಮ್ನೆ ಮನೆಗೆ ಹೋಗಲಿ. ಹೋವರ್ಡ್‌ಗೆ ಚುಚ್ಚಿದ್ದು ಅದು.

ಗಾರ್ಡ್ ಕೊಟ್ಟ ಕಾರಣವೂ ಸುಳ್ಳಲ್ಲ. ಬ್ಯಾಸ್ಕೆಟ್‌ಬಾಲ್‌ನಲ್ಲಿ ಚೆಂಡು ಸಿಕ್ಕ ತಂಡ 10 ಸೆಕೆಂಡಿನೊಳಗೆ ತನ್ನ ಅರ್ಧದಿಂದ ನಡುಗೆರೆ ದಾಟಿಸಬೇಕು. ಕೊನೆಯ ಹೊತ್ತಿನಲ್ಲಿ ಗಾರ್ಡ್ ಬೆಂಚಿನ ಹುಡುಗರನ್ನು ಇಳಿಸಿದ್ದರು. ಆ ದಿನ ಆಡಲು ಅವಕಾಶವೇ ಸಿಗದೆ ಕೂತಿದ್ದವರು ಅವರು. ಮಿಶಿಗನ್ ಆಗಲೂ ಬಿಡದೆ ಅಂಕಣದ ಉದ್ದಕ್ಕೂ ಒತ್ತಡ ಹಾಕುತ್ತಿತ್ತು, ಅಂದರೆ ಪ್ರೆಸ್ ಮಾಡುತ್ತಿತ್ತು. ನಡುಗೆರೆ ದಾಟಿಸಲು ಉಳಿದದ್ದು 4 ಸೆಕೆಂಡು. ಟೈಮ್‌ಔಟ್ ತಗೊಂಡರೆ ಮತ್ತೆ ಪೂರ್ತಿ 10 ಸೆಕೆಂಡು ಸಿಗುತ್ತಿತ್ತು. 'ನನ್ನ ಹುಡುಗರನ್ನು ಆ ಪೇಚಿಗೆ ಸಿಕ್ಕಿಸಲು ಇಷ್ಟವಿರಲಿಲ್ಲ' ಅನ್ನುವುದು ಅವರ ಮಾತಿನ ಸಾರ.

ಅಂದರೆ ಬರೆಯದ ಪದ್ಧತಿಯನ್ನು ಇಬ್ಬರೂ ಮುರಿದಿದ್ದರು. ಸೋಲು ಖಚಿತವಾದ ಮೇಲೂ ಬೆಂಚಿನ ಹುಡುಗರ ಮೇಲೆ ಪ್ರೆಸ್ ಮಾಡಿದ್ದು ಒಬ್ಬರು. ಗೆಲುವು ಖಚಿತವಾದ ಮೇಲೂ ಟೈಮ್‌ಔಟ್ ತಗೊಂಡದ್ದು ಇನ್ನೊಬ್ಬರು. ಇಬ್ಬರೂ ತಮ್ಮ ಹುಡುಗರಿಗಾಗಿಯೇ ಹಾಗೆ ಮಾಡಿದ್ದು. ಇಬ್ಬರಿಗೂ ಎದುರಿನವನದೇ ತಪ್ಪು ಅನಿಸಿದೆ. ಬರೆಯದ ಪದ್ಧತಿಯ ತೊಂದರೆಯೇ ಇದು, ಪ್ರತಿಯೊಬ್ಬನೂ ತನಗೆ ಬೇಕಾದ ಹಾಗೆ ಓದಿಕೊಳ್ಳುತ್ತಾನೆ.

ಇನ್ನು ಶಿಕ್ಷೆಯ ವಿಷಯ. ಯಾರು ಕೊಡುತ್ತಾರೆ, ಹೇಗೆ ಅಳೆಯುತ್ತಾರೆ ಅನ್ನುವುದು ಸ್ವಲ್ಪ ಗೋಜಲು. ನಿಧಾನವಾಗಿ ಬಿಡಿಸೋಣ.

ನಮ್ಮ ಕಡೆ ಕಾಲೇಜು ತಂಡದ ಕೋಚ್ ಅಂದರೆ ಸಾಮಾನ್ಯವಾಗಿ ಪಿ.ಟಿ. ಮೇಷ್ಟ್ರು. ಅಲ್ಲಿ ಹಾಗಲ್ಲ. ದೊಡ್ಡ ವಿಶ್ವವಿದ್ಯಾಲಯದ ಬ್ಯಾಸ್ಕೆಟ್‌ಬಾಲ್ ಕೋಚ್‌ಗೆ ವರ್ಷಕ್ಕೆ ಹತ್ತಾರು ಲಕ್ಷ ಡಾಲರ್ ಸಂಬಳ. ಪಂದ್ಯ ಟಿವಿಯಲ್ಲಿ ದೇಶಕ್ಕೆಲ್ಲ ಕಾಣುತ್ತದೆ. ಹೋವರ್ಡ್ ಅಂತೂ ಮಿಶಿಗನ್‌ನ ಮನೆಮಗ. 1990ರ ದಶಕದ ಶುರುವಿನಲ್ಲಿ 'ಫ್ಯಾಬ್ ಫೈವ್' ಎಂದು ಹೆಸರಾದ ಐವರು ಹುಡುಗರಲ್ಲಿ ಒಬ್ಬರು. ಆಮೇಲೆ ಅಮೆರಿಕದ ವೃತ್ತಿಪರ ಲೀಗ್ ಆದ ಎನ್‌ಬಿಎಯಲ್ಲಿ ಬಹುಕಾಲ ಆಡಿ, ಮಯಾಮಿ ಹೀಟ್ ತಂಡದ ಜೊತೆ 2012 ಮತ್ತು 2013ರಲ್ಲಿ ಪ್ರಶಸ್ತಿ ಗೆದ್ದವರು. ಆ ದಿನ ಅವರ ತಂಡದಲ್ಲಿ ಅವರ ಮಗ ಜೇಸ್ ಕೂಡ ಇದ್ದ.

ಆಟ ನಡೆಯುವಾಗ ಅಧಿಕಾರವೆಲ್ಲ ರೆಫರಿಯದು. ಕೋಚ್ ಕೂಗಾಡಿದರೆ, ತನಗೆ ಗೊತ್ತುಮಾಡಿದ ಜಾಗ ದಾಟಿ ಅಂಕಣಕ್ಕೆ ಬಂದರೆ ಟೆಕ್ನಿಕಲ್ ಫೌಲ್ ಬೀಳುತ್ತದೆ, ಎದುರು ತಂಡಕ್ಕೆ ಫ್ರೀ ಥ್ರೋ ಸಿಗುತ್ತದೆ. ಗಂಭೀರ ಬಗೆಯ ಟೆಕ್ನಿಕಲ್ ಎರಡು ಬಿದ್ದರೆ ಕೋಚ್ ಹೊರಗೆ ಹೋಗಬೇಕು. ಹೊಡೆದಾಟಕ್ಕೆ ಇಳಿದವರಿಗೆ ನಿಯಮ ಇನ್ನೂ ಖಡಕ್. ಆ ಪಂದ್ಯದಿಂದ ಹೊರಗೆ, ಮುಂದಿನ ಪಂದ್ಯವೂ ಇಲ್ಲ. ಎರಡನೇ ಸಲ ಸಿಕ್ಕಿಬಿದ್ದರೆ ಆ ಸೀಸನ್ನೇ ಮುಗಿಯಿತು.

ಆ ನಿಯಮದಲ್ಲಿ ಒಂದು ವಿಷಯ ಇದೆ, ಅದನ್ನು ಓದಿದಾಗಿನಿಂದ ತಲೆಯಲ್ಲಿ ಉಳಿದುಬಿಟ್ಟಿದೆ. ಅಂಕಣದಲ್ಲಿ ಹೊಡೆದಾಟ ಶುರುವಾದರೆ ಬೆಂಚಿನಲ್ಲಿ ಇರುವ ಆಟಗಾರರು ಎದ್ದು ಒಳಗೆ ಬರುವಂತಿಲ್ಲ. ಬಂದರೆ, ಕೈ ಎತ್ತದಿದ್ದರೂ ಹೊರಗೆ. ಆದರೆ ಮುಖ್ಯ ಕೋಚ್ ಬರಬಹುದು. ಜಗಳ ಬಿಡಿಸಲಿ ಅಂತಲೇ ಅವರಿಗೆ ಆ ಅನುಮತಿ. ಎಲ್ಲರೂ ಬುದ್ಧಿ ಕಳೆದುಕೊಂಡಾಗ ಒಬ್ಬರಾದರೂ ಇಟ್ಟುಕೊಂಡಿರುತ್ತಾರೆ, ಅದು ಕೋಚ್ ಎಂದು ನಿಯಮ ಬರೆದವರು ನಂಬಿದ್ದಾರೆ. ಹಾಗಾಗಿ ಕೋಚ್ ಕೈ ಎತ್ತುವುದನ್ನು ಆಟಗಾರ ಕೈ ಎತ್ತುವುದರ ಜೊತೆ ಒಂದೇ ತಕ್ಕಡಿಯಲ್ಲಿ ಇಡಲು ನನಗೆ ಆಗುವುದಿಲ್ಲ. ಬೆಂಕಿ ಆರಿಸಲು ಕರೆದವರೇ ಕಡ್ಡಿ ಗೀರಿದ ಹಾಗಾಯಿತು.

ಮ್ಯಾಡಿಸನ್‌ನಲ್ಲಿ ಈ ನಿಯಮಗಳು ಸಹಾಯಕ್ಕೆ ಬರಲಿಲ್ಲ. ಕೊನೆಯ ಸೀಟಿ ಊದಿದ ಮೇಲೆ ರೆಫರಿಗಳು ಅಂಕಣ ಬಿಟ್ಟು ಒಳಗೆ ಹೋಗಿಬಿಡುತ್ತಾರೆ. ಅಲ್ಲಿಗೆ ಅವರ ಅಧಿಕಾರ ಮುಗಿಯಿತು. ಕೈ ಕುಲುಕುವ ಸಾಲು ಶುರುವಾಗುವುದು ಆ ಹೊತ್ತಿಗೆ. ಎರಡು ಗಂಟೆ ಮೈಗೆ ಮೈ ಉಜ್ಜಿ ಆಡಿದವರು, ಗೆದ್ದವರು, ಸೋತವರು, ಎಲ್ಲರೂ ಒಂದು ಅಡಿ ಅಂತರದಲ್ಲಿ. ಮಧ್ಯೆ ನಿಲ್ಲಲು ಪಟ್ಟೆ ಅಂಗಿಯ ರೆಫರಿ ಯಾರೂ ಇಲ್ಲ.

ಆಗ ಅಧಿಕಾರ ಕಾನ್ಫರೆನ್ಸ್‌ಗೆ ಹೋಗುತ್ತದೆ. ಕಾನ್ಫರೆನ್ಸ್ ಅಂದರೆ ವಿಶ್ವವಿದ್ಯಾಲಯಗಳು ಸೇರಿ ಕಟ್ಟಿಕೊಂಡ ಕೂಟ. ಒಳಗೊಳಗೆ ಲೀಗ್ ಆಡುತ್ತವೆ, ಟಿವಿ ಹಣ ಹಂಚಿಕೊಳ್ಳುತ್ತವೆ, ಶಿಸ್ತಿನ ನಿಯಮ ಮಾಡಿಕೊಳ್ಳುತ್ತವೆ. ಈ ಎರಡೂ ತಂಡಗಳು ಬಿಗ್ ಟೆನ್ ಕೂಟದವು. ಹೆಸರಲ್ಲಿ ಹತ್ತು ಇದ್ದರೂ ಆಗ ಸದಸ್ಯರು 14. ಅದಕ್ಕೆ ಕ್ರೀಡಾ ನಡವಳಿಕೆಯದೇ ಒಂದು ನೀತಿ ಇದೆ. ಅದರಲ್ಲಿ ಎರಡು ಮೆಟ್ಟಿಲು. ಸಾಮಾನ್ಯ ಶಿಕ್ಷೆ ಅಂದರೆ ಛೀಮಾರಿ, 10,000 ಡಾಲರ್ ದಾಟದ ದಂಡ, ಎರಡು ಪಂದ್ಯ ದಾಟದ ನಿಷೇಧ. ಅದಕ್ಕಿಂತ ದೊಡ್ಡದು ಬೇಕಾದರೆ ಬೇರೆ ಮೆಟ್ಟಿಲು ಹತ್ತಬೇಕು. ಕಾನ್ಫರೆನ್ಸ್‌ನ ಜೊತೆಗೆ ಕೋಚ್‌ಗೆ ಸಂಬಳ ಕೊಡುವ ವಿಶ್ವವಿದ್ಯಾಲಯವೂ ಇದೆ. ಅದು ಬೇಕಾದರೆ ಕೆಲಸದಿಂದಲೇ ತೆಗೆಯಬಹುದು.

ಮಾರನೇ ದಿನವೇ ತೀರ್ಮಾನ ಬಂತು. ಹೋವರ್ಡ್‌ಗೆ ಐದು ಪಂದ್ಯ ನಿಷೇಧ, 40,000 ಡಾಲರ್ ದಂಡ. ಗಾರ್ಡ್‌ಗೆ 10,000 ಡಾಲರ್ ದಂಡ, ನಿಷೇಧವಿಲ್ಲ. ಮಿಶಿಗನ್‌ನ ಟೆರೆನ್ಸ್ ವಿಲಿಯಮ್ಸ್ ಮತ್ತು ಮೂಸಾ ಡಿಯಾಬಟೆ, ವಿಸ್ಕಾನ್ಸಿನ್‌ನ ಜಕೋಬಿ ನೀತ್, ಈ ಮೂವರು ಆಟಗಾರರಿಗೆ ಒಂದೊಂದು ಪಂದ್ಯ.

ಲೆಕ್ಕ ನೋಡಿ. ಗಾರ್ಡ್‌ಗೆ ಬಿದ್ದ ದಂಡ ಸಾಮಾನ್ಯ ಶಿಕ್ಷೆಯ ತುತ್ತತುದಿ. ಹೋವರ್ಡ್‌ಗೆ ಬಿದ್ದದ್ದು ಆ ಮೆಟ್ಟಿಲು ದಾಟಿದ್ದು. ಮೊದಲು ಮುಟ್ಟಿದವರಿಗೂ ಹೊಡೆದವರಿಗೂ ಇರುವ ವ್ಯತ್ಯಾಸ ಅಲ್ಲಿ ಕಾಣುತ್ತದೆ. ಪಂದ್ಯದ ನಂತರ ಹೋವರ್ಡ್ 'ನನ್ನನ್ನು ಮುಟ್ಟಿದರು, ನಾನು ನನ್ನನ್ನು ಕಾಪಾಡಿಕೊಂಡೆ' ಎನ್ನುವ ಹಾಗೆ ಮಾತಾಡಿದ್ದರು. ಆ ವಾದ ಎರಡು ಕಡೆ ಕುಂಟುತ್ತದೆ. ಮುಟ್ಟಿದವರು ಗಾರ್ಡ್, ಏಟು ಬಿದ್ದದ್ದು ಕ್ರಾಬೆನ್‌ಹಾಫ್ಟ್‌ಗೆ. ಜೊತೆಗೆ, ಹಿಂದಿನ ವರ್ಷದ ಕಡತವೂ ಇತ್ತು. 2021ರ ಮಾರ್ಚ್‌ನಲ್ಲಿ ಬಿಗ್ ಟೆನ್ ಟೂರ್ನಿಯಲ್ಲಿ ಮೇರಿಲ್ಯಾಂಡ್ ಕೋಚ್ ಮಾರ್ಕ್ ಟರ್ಜನ್ ಮೇಲೆ ರೇಗಿ ಹೋಗಿ ಹೋವರ್ಡ್ ಪಂದ್ಯದಿಂದ ಹೊರಬಿದ್ದಿದ್ದರು. ತಾನು ಷಿಕಾಗೋದಲ್ಲಿ ಬೆಳೆದವನು, ಮೈಮೇಲೆ ಬಂದರೆ ಎದುರು ನಿಲ್ಲುವುದನ್ನೇ ಕಲಿತವನು ಎಂಬ ಅರ್ಥದಲ್ಲಿ ಆಗಲೂ ಮಾತಾಡಿದ್ದರು. ಬೆಳೆದ ಬೀದಿ ಕಲಿಸಿದ್ದನ್ನು ಅಷ್ಟು ಸುಲಭಕ್ಕೆ ಬಿಡಲಾಗದು, ಅದು ನನಗೂ ಅರ್ಥವಾಗುತ್ತದೆ. ಆದರೆ ಕೋಚ್ ಆದ ಮೇಲೆ ಅದನ್ನು ಬಿಡುವುದೂ ಕೆಲಸದ ಒಂದು ಭಾಗ.

ಶಿಕ್ಷೆ ಹೊರಬಿದ್ದ ದಿನ ಹೋವರ್ಡ್ ಬರೆದುಕೊಟ್ಟ ಕ್ಷಮಾಪಣೆಯಲ್ಲಿ ಈ ವಾದ ಇರಲಿಲ್ಲ. ತನ್ನ ಮಾತು, ನಡತೆ ಎರಡೂ ಒಪ್ಪತಕ್ಕದ್ದಲ್ಲ ಎಂದರು. ಕ್ರಾಬೆನ್‌ಹಾಫ್ಟ್ ಮತ್ತು ಅವರ ಮನೆಯವರ ಕ್ಷಮೆ ಕೇಳಿದರು. ತನ್ನ ಆಟಗಾರರಿಗೆ ಸರಿಯಾದ ಮಾದರಿ ಆಗಲಿಲ್ಲ ಎಂದೂ ಒಪ್ಪಿಕೊಂಡರು.

ಶಿಕ್ಷೆ ಸಾಕಾಯಿತಾ? ಇಲ್ಲಿ ನನಗೆ ಎರಡು ತಕರಾರು.

ಒಂದು, ಆ ಐದು ಪಂದ್ಯ ಅಂದರೆ ಲೀಗ್ ಹಂತದಲ್ಲಿ ಉಳಿದಿದ್ದ ಪಂದ್ಯಗಳಷ್ಟೇ. ಅದು ಮುಗಿದ ಮೇಲೆ ಬಿಗ್ ಟೆನ್ ಟೂರ್ನಿ, ಆಮೇಲೆ ದೇಶಮಟ್ಟದ ಎನ್‌ಸಿಎಎ ಟೂರ್ನಿ. ಕಾಲೇಜು ಬ್ಯಾಸ್ಕೆಟ್‌ಬಾಲ್‌ನಲ್ಲಿ ಜನ ವರ್ಷವಿಡೀ ಕಾಯುವುದು ಮಾರ್ಚ್ ತಿಂಗಳ ಆ ಪಂದ್ಯಗಳಿಗೆ. ಶಿಕ್ಷೆ ಸರಿಯಾಗಿ ಅದರ ಹೊಸ್ತಿಲಲ್ಲಿ ಮುಗಿಯಿತು. ಅಲ್ಲಿ ಒಂದಾದರೂ ಪಂದ್ಯ ಸೇರಬೇಕಿತ್ತು ಎಂದೇ ನನ್ನ ಅನಿಸಿಕೆ. ಹೋಲಿಕೆಗೆ ಇನ್ನೊಂದು ನೋಡಿ: 2020ರ ಜನವರಿಯಲ್ಲಿ ಕಾನ್ಸಸ್ ಮತ್ತು ಕಾನ್ಸಸ್ ಸ್ಟೇಟ್ ಆಟಗಾರರ ನಡುವೆ ಹೊಡೆದಾಟವಾಯಿತು. ಅದರಲ್ಲಿ ಗುದ್ದಾಡಿ, ಸ್ಟೂಲ್ ಎತ್ತಿ ಹಿಡಿದಿದ್ದ ಸಿಲ್ವಿಯೊ ಡಿಸೋಸಾಗೆ 12 ಪಂದ್ಯ ನಿಷೇಧ. ಆ ಕಾನ್ಫರೆನ್ಸ್ ಬೇರೆ, ಅಲ್ಲಿನ ಹೊಡೆದಾಟವೂ ಜಾಸ್ತಿ ದೊಡ್ಡದು, ನಿಜ. ಆದರೂ ವಿದ್ಯಾರ್ಥಿಗೆ 12, ಐವತ್ತರ ಹತ್ತಿರದ ಮುಖ್ಯ ಕೋಚ್‌ಗೆ 5.

ಎರಡು, ದಂಡ. ಗಾರ್ಡ್ ಅವರ 10,000 ಡಾಲರನ್ನು ತಾವೇ ಕಟ್ಟುವುದಾಗಿ ವಿಸ್ಕಾನ್ಸಿನ್‌ನ ಕ್ರೀಡಾ ವಿಭಾಗ ಹೇಳಿತು. ತಮ್ಮ ಕೋಚ್ ತಪ್ಪು ಮಾಡಿಲ್ಲ ಎಂದು ಅವರ ನಂಬಿಕೆ. ಇರಲಿ. ಆದರೆ ಇನ್ನೊಬ್ಬರು ಕಟ್ಟುವ ದಂಡ ಯಾರಿಗೆ ತಟ್ಟುತ್ತದೆ? ಸಿಟ್ಟಲ್ಲಿ ಇರುವವನನ್ನು ತೋಳು ಹಿಡಿದು ನಿಲ್ಲಿಸಿ 'ನನ್ನ ಮಾತು ಕೇಳು' ಅನ್ನುವುದು ಕೆಟ್ಟ ಉದ್ದೇಶದಿಂದ ಅಲ್ಲದೇ ಇರಬಹುದು. ಆದರೆ ಗೆದ್ದವರು ಗಾರ್ಡ್. ಹೋಗುವವನನ್ನು ಹೋಗಲು ಬಿಡುವುದು ಅವರಿಗೆ ಎಷ್ಟು ಸುಲಭವಿತ್ತು! ರಾತ್ರಿ ಫೋನ್ ಮಾಡಬಹುದಿತ್ತು.

ಈ ಶಿಕ್ಷೆಗಳು ಕಾಲದ ಜೊತೆ ಹೇಗೆ ಬದಲಾಗಿವೆ ಎಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು. 1985ರ ಫೆಬ್ರವರಿ 23ರಂದು ಇಂಡಿಯಾನಾ ಕೋಚ್ ಬಾಬ್ ನೈಟ್, ಪರ್ಡ್ಯೂ ವಿರುದ್ಧದ ಪಂದ್ಯದಲ್ಲಿ ರೆಫರಿ ಮೇಲಿನ ಸಿಟ್ಟಿಗೆ ಪ್ಲಾಸ್ಟಿಕ್ ಕುರ್ಚಿ ಎತ್ತಿ ಅಂಕಣದ ಅಡ್ಡಕ್ಕೆ ಎಸೆದರು. ಇದೇ ಬಿಗ್ ಟೆನ್ ಕೊಟ್ಟ ನಿಷೇಧ ಒಂದೇ ಪಂದ್ಯ. ಆ ಕುರ್ಚಿಯನ್ನು ಜನ ಎಷ್ಟೋ ವರ್ಷ ನಗುನಗುತ್ತಾ ನೆನೆದರು. ಅದು ನಗುವ ವಿಷಯ ಅಂತ ನನಗೆ ಯಾವತ್ತೂ ಅನಿಸಿಲ್ಲ.

ಇನ್ನೊಂದು 1994ರ ಫೆಬ್ರವರಿ 13ರದು. ಮ್ಯಾಸಚೂಸೆಟ್ಸ್ ತಂಡ ಟೆಂಪಲ್ ತಂಡವನ್ನು ಒಂದೇ ಅಂಕದಿಂದ, 56–55ರಿಂದ ಸೋಲಿಸಿತ್ತು. ಗೆದ್ದ ಕೋಚ್ ಜಾನ್ ಕ್ಯಾಲಿಪರಿ ಪತ್ರಕರ್ತರ ಜೊತೆ ಮಾತಾಡುತ್ತಿದ್ದರು. ಟೆಂಪಲ್ ಕೋಚ್ ಜಾನ್ ಚೇನಿ ಒಳಗೆ ನುಗ್ಗಿದರು. ರೆಫರಿಗಳ ಜೊತೆ ಕ್ಯಾಲಿಪರಿ ನಡೆದುಕೊಂಡ ರೀತಿಗೆ ಅವರಿಗೆ ಸಿಟ್ಟು. ಮಾತು ಏರಿ 'ಕೊಂದುಬಿಡ್ತೀನಿ' ಅನ್ನುವ ತನಕ ಹೋಯಿತು. ಸುತ್ತ ಇದ್ದವರು ಹಿಡಿದುಕೊಳ್ಳದಿದ್ದರೆ ಕೈಗೆ ಕೈ ಹತ್ತುತ್ತಿತ್ತು. ಚೇನಿಗೆ ಆಗ 62 ವರ್ಷ. ಬಡ ಮನೆಗಳ ಹುಡುಗರನ್ನು ಓದಿಸಿ, ಆಡಿಸಿ, ಬೆಳಗಿನ ಜಾವ ಐದೂವರೆಗೆ ಎಬ್ಬಿಸಿ ಅಭ್ಯಾಸ ಮಾಡಿಸಿದ ದೊಡ್ಡ ಮನುಷ್ಯ. ಶಿಕ್ಷೆ ಒಂದು ಪಂದ್ಯ. ಮುಂದೆ ಅವರೂ ಕ್ಯಾಲಿಪರಿಯೂ ರಾಜಿಯಾದರು, ಸ್ನೇಹಿತರೂ ಆದರು.

ಆದರೆ ಚೇನಿಯ ಸಿಟ್ಟಿನ ಕತೆ ಅಲ್ಲಿಗೆ ಮುಗಿಯಲಿಲ್ಲ. 2005ರ ಫೆಬ್ರವರಿಯಲ್ಲಿ ಸೇಂಟ್ ಜೋಸೆಫ್ಸ್ ವಿರುದ್ಧದ ಪಂದ್ಯ. ಎದುರಾಳಿಗಳು ಅಡ್ಡ ನಿಂತು ತಡೆಯುವುದರಲ್ಲಿ ನಿಯಮ ಮುರಿಯುತ್ತಿದ್ದಾರೆ, ರೆಫರಿಗಳು ಸುಮ್ನೆ ಇದ್ದಾರೆ ಎಂದು ಅವರ ದೂರು. ಅದಕ್ಕೆ ಪಾಠ ಕಲಿಸಲು ಬೆಂಚಿನಿಂದ ನೆಹಮಾಯ ಇಂಗ್ರಾಮ್ ಎಂಬ ದೃಢಕಾಯದ ಆಟಗಾರನನ್ನು ಇಳಿಸಿದರು. ಆತ ಕೆಲವೇ ನಿಮಿಷಗಳಲ್ಲಿ ಐದು ಫೌಲ್ ಮಾಡಿ ಹೊರಬಿದ್ದ. ಅದರಲ್ಲಿ ಒಂದಕ್ಕೆ ಸೇಂಟ್ ಜೋಸೆಫ್ಸ್‌ನ ಜಾನ್ ಬ್ರಯಾಂಟ್ ನೆಲಕ್ಕೆ ಬಿದ್ದರು. ಕೈ ಮುರಿದಿತ್ತು. ಚೇನಿ ಮೊದಲು ತಾವೇ ಒಂದು ಪಂದ್ಯ ಹೊರಗೆ ಕೂತರು. ಕೈ ಮುರಿದದ್ದು ಗೊತ್ತಾದ ಮೇಲೆ ವಿಶ್ವವಿದ್ಯಾಲಯ ಅದನ್ನು ಲೀಗ್ ಹಂತ ಮುಗಿಯುವವರೆಗೆ ಬೆಳೆಸಿತು. ಆಮೇಲೆ ಕಾನ್ಫರೆನ್ಸ್ ಟೂರ್ನಿಯಿಂದಲೂ ಚೇನಿ ತಾವಾಗಿಯೇ ಹಿಂದೆ ಸರಿದರು. ಹೋವರ್ಡ್ ಶಿಕ್ಷೆಯ ಬಗ್ಗೆ ನನ್ನ ಮೊದಲ ತಕರಾರು ಹುಟ್ಟಿದ್ದು ಇಲ್ಲಿಂದ. ಕೈಯಾರೆ ಹೊಡೆಯದೆ, ಇನ್ನೊಬ್ಬನ ಕೈಯಿಂದ ಹೊಡೆಸಿದ ಚೇನಿ, ಮಾರ್ಚ್ ತಿಂಗಳ ಕಾನ್ಫರೆನ್ಸ್ ಟೂರ್ನಿಯನ್ನೂ ಬಿಟ್ಟುಕೊಟ್ಟರು.

ಕೋಚ್ ಹೇಳಿದ್ದನ್ನು ಆಟಗಾರ ಮಾಡುತ್ತಾನೆ. ಇಂಗ್ರಾಮ್ ಮಾಡಿದ. ಮ್ಯಾಡಿಸನ್‌ನಲ್ಲಿ ಹೋವರ್ಡ್ ಯಾರಿಗೂ ಏನೂ ಹೇಳಿರಲಿಲ್ಲ, ಹುಡುಗರು ನೋಡಿದರಷ್ಟೇ. ಅಷ್ಟು ಸಾಕಾಯಿತು.

ಆ 2005ರ ಪಂದ್ಯದಲ್ಲಿ ಸೇಂಟ್ ಜೋಸೆಫ್ಸ್ ತಂಡದ ಕೋಚ್ ಯಾರು ಗೊತ್ತಾ? ಫಿಲ್ ಮಾರ್ಟೆಲಿ. ತನ್ನ ಹುಡುಗನ ಕೈ ಮುರಿದದ್ದನ್ನು ಬೆಂಚಿನ ಪಕ್ಕ ನಿಂತು ಕಂಡವರು. ಹದಿನೇಳು ವರ್ಷದ ಮೇಲೆ ಅವರು ಮಿಶಿಗನ್‌ನಲ್ಲಿ ಹೋವರ್ಡ್‌ಗೆ ಸಹಾಯಕರು. ಹೋವರ್ಡ್ ಹೊರಗೆ ಕೂತಾಗ ಆ ಐದು ಪಂದ್ಯಕ್ಕೆ ತಂಡ ನಡೆಸಿದವರು ಅವರೇ. ಮೂರು ಗೆದ್ದರು, ಎರಡು ಸೋತರು.

ಆ ವಾರ ಅಮೆರಿಕದಲ್ಲಿ ಒಂದು ಚರ್ಚೆ ಎದ್ದಿತ್ತು: ಈ ಕೈ ಕುಲುಕುವ ಸಾಲೇ ಬೇಡ, ತೆಗೆದುಬಿಡಿ ಅಂತ. ಅದು ಹೊಸ ಮಾತೇನಲ್ಲ. ಕೆಂಟಕಿ ರಾಜ್ಯದಲ್ಲಿ 2013ರಲ್ಲೇ ಹೈಸ್ಕೂಲ್ ಕ್ರೀಡೆಗಳ ಸಂಸ್ಥೆ, ಪಂದ್ಯದ ನಂತರ ಇಂಥ ಸಾಲು ಏರ್ಪಡಿಸುವುದನ್ನು ಕೈಬಿಡುವಂತೆ ಶಾಲೆಗಳಿಗೆ ಸೂಚಿಸಿತ್ತು. ಮೂರು ವರ್ಷದಲ್ಲಿ ಎರಡು ಡಜನ್‌ಗೂ ಜಾಸ್ತಿ ಜಗಳ ಆ ಸಾಲುಗಳಲ್ಲೇ ನಡೆದಿದ್ದವು. ಗಲಾಟೆ ಎದ್ದ ಮೇಲೆ, ಇದು ನಿಷೇಧವಲ್ಲ, ಸಾಲು ಮಾಡಿದರೆ ಅದನ್ನು ನೋಡಿಕೊಳ್ಳುವ ಹೊಣೆಯೂ ನಿಮ್ಮದೇ ಎಂದು ಬಿಡಿಸಿ ಹೇಳಿತು. ಬಿಗ್ ಟೆನ್‌ನ ಹಿರಿಯ ಕೋಚ್, ಮಿಶಿಗನ್ ಸ್ಟೇಟ್‌ನ ಟಾಮ್ ಇಜ್ಜೊ ಮಾತ್ರ ಸಾಲು ತೆಗೆಯುವ ಮಾತಿಗೇ ಕೆಂಡವಾದರು. ಸೋತ ದಿನ ಕೈ ಕುಲುಕಲಾಗದ ಹುಡುಗರನ್ನು ತಯಾರು ಮಾಡಿ ಏನು ಉಪಯೋಗ ಅನ್ನುವ ಧಾಟಿ ಅವರದು.

ನಾನು ಇಜ್ಜೊ ಕಡೆ. ಆದರೆ ಸಾಲು ಉಳಿಸಿಕೊಂಡರೆ ಸಾಲದು, ಒಂದೆರಡು ಬದಲಾವಣೆ ಬೇಕು. ಆ ಸಾಲು ಮುಗಿಯುವವರೆಗೂ ರೆಫರಿಗಳು ಅಂಕಣದ ಅಂಚಿನಲ್ಲಿ ನಿಲ್ಲಲಿ, ಅವರ ಅಧಿಕಾರವೂ ಅಲ್ಲಿಯವರೆಗೆ ಇರಲಿ. ಕೋಚ್‌ಗಳಿಬ್ಬರು ಸಾಲಿನ ಮಧ್ಯೆ ಮಾತಿಗೆ ನಿಲ್ಲುವುದು ಬೇಡ. ಕೈ ಮುಟ್ಟಿ ಮುಂದೆ ಹೋಗಲಿ. ಹೇಳುವುದಿದ್ದರೆ ಒಳಗೆ, ಕ್ಯಾಮೆರಾ ಇಲ್ಲದ ಕಡೆ, ಹುಡುಗರು ಇಲ್ಲದ ಕಡೆ ಹೇಳಿಕೊಳ್ಳಲಿ. ಸಾವಿರಾರು ಜನ, ಹತ್ತಾರು ಕ್ಯಾಮೆರಾ ಇರುವ ಜಾಗದಲ್ಲಿ ಸಿಟ್ಟಾದ ಇಬ್ಬರು ಗಂಡಸರು ಒಬ್ಬರಿಗೊಬ್ಬರು ಮಣಿಯುವುದು ಕಷ್ಟ, ಅಲ್ವಾ?

ಹೋವರ್ಡ್ ಮರಳಿ ಬಂದರು. ಬಿಗ್ ಟೆನ್ ಟೂರ್ನಿಯ ಮೊದಲ ಪಂದ್ಯದಲ್ಲೇ ಮಿಶಿಗನ್ ಇಂಡಿಯಾನಾಗೆ ಸೋತಿತು. ಎನ್‌ಸಿಎಎ ಟೂರ್ನಿಗೆ ಹೇಗೋ ಜಾಗ ಸಿಕ್ಕಿತು. ಅಲ್ಲಿ ಮಾರ್ಚ್ 19ರಂದು ಇಂಡಿಯಾನಾಪೊಲಿಸ್‌ನಲ್ಲಿ ತನಗಿಂತ ಬಲವಾದ ಟೆನೆಸಿ ತಂಡವನ್ನು 76–68ರಿಂದ ಸೋಲಿಸಿತು. ಟೆನೆಸಿಯ ಮೊದಲ ವರ್ಷದ ಆಟಗಾರ ಕೆನೆಡಿ ಚಾಂಡ್ಲರ್ ಅಳುತ್ತಿದ್ದ, ತಡೆಯಲಾಗದ ಅಳು. ಪಂದ್ಯ ಮುಗಿದು ಎರಡೂ ತಂಡ ಎದುರಾದಾಗ ಹೋವರ್ಡ್ ಅವನನ್ನು ಹಾಗೇ ದಾಟಿ ಹೋಗಲಿಲ್ಲ. ಎದುರು ತಂಡದ ಆ ಹುಡುಗನನ್ನು ತಬ್ಬಿಕೊಂಡು, ತಲೆಯನ್ನು ತಮ್ಮ ಎದೆಗೆ ಒತ್ತಿ ಹಿಡಿದು ನಿಂತರು.